ಸೀತನಿ ಹದ

ಸೊಲ್ಲಾಪುರ ಬಿಟ್ಟು ಅಕ್ಕಲಕೋಟ ದಾರಿಗೆ
ಹನ್ನೆರಡು ಕಿಲೋಮೀಟರು. ಎಡಕ್ಕ ಒಂದು ಬೋರ್ಡು,
ಮರಾಠಿಯೊಳಗ 'ಹುರಡಾ ಪಾರ್ಟಿ',
ಕೆಳಗ ಕಾರು ನಿಲ್ಲಸೋ ಬಾಣ.
ನಮ್ಮ ಬಾಯಾಗ ಅದು ಸೀತನಿ.
ಬೋರ್ಡು ಬರದಾಂವ ನನ್ನ ಕೇಳಲಿಲ್ಲ,
ನಾನೂ ಹೇಳಾಕ ಹೋಗಲಿಲ್ಲ.

ದೊಡ್ಡವರಿಗೆ ಆರನೂರು, ಸಣ್ಣವರಿಗೆ ಅರ್ಧ,
ತೊಡಿ ಮ್ಯಾಲಿನ ಕೂಸಿಗೆ ಫುಕಟ.
ಅದರಾಗ ಎಲ್ಲಾ ಬಂತು: ಚಕ್ಕಡಿ ಒಂದು ಸುತ್ತು,
ಜೋಕಾಲಿ, ಪತಂಗ, ಕಬ್ಬಿನ ಹಾಲು,
ಅಟ್ಟ ಹತ್ತಿ ಕವಣಿ ಬೀಸೋ ಫೋಟೋ.
ಕವಣ್ಯಾಗ ಕಲ್ಲು ಇಟ್ಟಿರೂದಿಲ್ಲ,
ಅದು ಗುಬ್ಬಿಗೂ ಗೊತ್ತಾಗಿ ಬಿಟ್ಟದ.
ನನಗ ದಿನಕ್ಕ ಮೂರನೂರಾ ಐವತ್ತು,
ಮತ್ತ ಬೂದಿ, ಬೇಕಂದರ.

ನಸಕಿನ್ಯಾಗ ಬರತೀನಿ. ಎರಿ ನೆಲ ತಣ್ಣಗ,
ಬದುವಿನ ಕುಸುಬಿ ಮುಳ್ಳಿನ ತುದಿಗೆ ಇಬ್ಬನಿ.
ಮೊಳದುದ್ದ ಕುಣಿ ತೋಡಿ, ಕುಳ್ಳು ಒಟ್ಟಿ, ಬೆಂಕಿ ಹಚ್ಚಿ
ಹೊಗಿ ಸತ್ತು ಕೆಂಡ ಉಳಿಯೂತನಕ ಕೂಡೂದು.
ತೆನಿ ಮುರಿಯೂದಕ್ಕ ಉಗುರು ಬೇಕು.
ಒತ್ತಿದರ ಹಾಲು ಚಿಮ್ಮಿತಂದರ ಇನ್ನೂ ಕೂಸು.
ಉಗುರಿಗೆ ಜಗ್ಗಲಿಲ್ಲಂದರ ಮುಗೀತು, ಅದು ಜ್ವಾಳ,
ಅದಕ್ಕ ಗಿರಣಿ, ರೊಟ್ಟಿ, ಸಂಸಾರ.
ಇವೆರಡರ ನಡುವ ಹದಿನೈದು ದಿವಸ.
ಅಷ್ಟ ಸೀತನಿ.

ಬಿಸಿ ತೆನಿ ಅಂಗೈಯಾಗ ತಿಕ್ಕಿ ಉಫ್ ಅಂದರ
ಹೊಟ್ಟು ಹಾರಿ ಹಸರು ಕಾಳು.
"ಕೈ ಸುಡೂದಿಲ್ಲೇನು ಮಾವಶಿ?"
"ಸುಡತದ" ಅಂತೀನಿ.
ಹಾಸ್ಯ ಅಂತ ತಿಳಕೊಂಡು ನಗತಾರ.

ಹ್ವಾದ ಐತವಾರ ಊರ ಪೂರ್ವಭಾಗದಿಂದ ಒಂದು ಟಮಟಮ ಬಂತು.
ಗಾಜುಲ ಅಂತ ಮನಿತನ, ತೆಲುಗು ಮಂದಿ,
ಚಾದರ ನೇಯೋರು. ಒಂಬತ್ತು ಜನ, ಅದರಾಗ ಒಬ್ಬ ಮುದುಕ.
ರಾಜಲಿಂಗಂ ತಾತ ಅಂತಿದ್ದವು ಹುಡುಗರು.
ಹಲ್ಲಿಲ್ಲ. ಕಾಳು ನಾಲಿಗಿ ಮ್ಯಾಲಿಟ್ಟುಕೊಂಡು ಸುಮ್ಮ ಕೂತಿದ್ದ,
ಶೇಂಗಾ ಹಿಂಡಿ ಬ್ಯಾಡಂದ, ಮಸರಿಗೆ ಹೂಂ ಅಂದ.
ನಡುನಡುವ ಊರ ಕಡೆ ನೋಡತಿದ್ದ;
ಧೂಳಿನಾಚೆ, ಇದ್ದರ ಇತ್ತು ಅನ್ನೂವಂಗ, ಒಂದು ಚಿಮಣಿ ತುದಿ.
"ಇದು ಭೋಂಗಾ ಆಗೂ ಹೊತ್ತು"
ಅಂದ, ಹರಕು ಕನ್ನಡದಾಗ.
ಗಿರಣಿ ಮುಚ್ಚಿದಾಗ ನನ್ನ ಮಗಳಿನ್ನೂ ತೊಟ್ಟಿಲದಾಗ.
ಈಗ ಅಕಿ ಮಗಳಿಗೆ ಜಡಿ ಹಾಕತಾಳ.

ಆಗ ಜೋಕಾಲಿ ಹಗ್ಗ ಹರೀತು.
ಕೂಸು ಬಿದ್ದದ್ದು ಮೆತ್ತನ್ನ ಎರಿಯಾಗ. ಅತ್ತಿತು, ನಿಂತಿತು,
ಮತ್ತ ಜೀಕಬೇಕಂತ ಹಟ ಹಿಡೀತು.
ಮಾಲಕ ಫೋನ ಹಿಡದು ಓಡ್ಯಾಡಿದ,
"ಐತವಾರ ಅಂಗಡಿ ಬಂದ, ಈಗ ಎಲ್ಲಿ ತರಲಿ ಹಗ್ಗ?"
ಪಾಳಿಯಾಗ ಇಪ್ಪತ್ತು ಹುಡುಗರು.
ಮುದುಕ ಎದ್ದ. ಮಸರಗೈ ಧೋತರಕ್ಕ ಒರಸಿಕೊಂಡ.
ಹರದ ಎರಡೂ ತುದಿ ತಗೊಂಡು
ಒಂದರ ಮ್ಯಾಲೊಂದು ಇಟ್ಟ, ಹೆಬ್ಬಟ್ಟಿನ ಕೆಳಗ ಏನೋ ಹಾಯಿಸಿದ,
ಒಮ್ಮೆ ಜಗ್ಗಿದ.
ನಾ ನೋಡತಾನ ಇದ್ದೆ, ಆದರೂ ಕಾಣಲಿಲ್ಲ.
ಎಳಿ ಹರದರ ಮಗ್ಗ ನಿಲ್ಲಬಾರದಲ್ಲ,
ಬೆರಳು ಅದನ್ನ ಮರತಿಲ್ಲ.
ಮೊದಲು ತಾನ ಕೂತ. ಹುಡುಗರು ಹೋ ಅಂದರು.
ಬೇವಿನ ಟೊಂಗಿ ಕಿರ್ ಅಂತು,
ಹರಕು ಅಂಗಾಲು ಎರಡೂ ಮುಗಲಿಗೆ ಹೋಗಿ ಬಂದವು.

ಸಂಜೀಕ ಟಮಟಮ ಹ್ವಾತು. ಹೆಸರು ಕೇಳಲಿಲ್ಲ ಅಂವ,
ಹೋಗೂಮುಂದ ನನ್ನ ಅಂಗೈ ನೋಡಿದ, ತನ್ನದು ತೋರಿಸಿದ.
ಅಲ್ಲಿ ಗೆರಿ ಅಂತ ಏನೂ ಉಳದಿಲ್ಲ.

ಈ ಐತವಾರ ಹೊಸಾ ನೈಲಾನ ಹಗ್ಗ ಬಂದದ, ನೀಲಿದು.
ಹಳೇದನ್ನ ನಾ ಕೇಳಿ ಇಸಕೊಂಡೆ,
ಕುಳ್ಳಿನ ಹೊರಿ ಕಟ್ಟಾಕ.
ಉದ್ದ ಜಾಸ್ತಿ ಆಗತದ, ಕೊಯ್ಯಬೇಕು.
ಗಂಟು ಬಿಟ್ಟು ಬ್ಯಾರೆ ಕಡೆ ಕೊಯ್ದೆ.
ತೆನಿ ಇನ್ನ ನಾಕು ದಿವಸ ಬಂದಾವು.